ಹೊರಗೆ ಕೂತು ಕೇಳಬೇಕಿದ್ದ ಹಾಡು

ನಮ್ಮ ಹಾಡುವ ತಂಡದಲ್ಲಿ ಎಲ್ಲರೂ ಅವರನ್ನು ‘ನೇನಿ’ ಎಂದೇ ಕರೆಯುತ್ತಿದ್ದರು. ಹಂಗೇರಿಯಲ್ಲಿ ಮಕ್ಕಳು ಟೀಚರನ್ನೂ ಪಕ್ಕದ ಮನೆಯ ಹಿರಿಯ ಹೆಂಗಸನ್ನೂ ಹಾಗೆ ಕರೆಯುತ್ತಾರಂತೆ, ನಮ್ಮ ಕಡೆ ಅತ್ತೆ, ದೊಡ್ಡಮ್ಮ ಅನ್ನುವ ಹಾಗೆ. ವಯಸ್ಸಿನಲ್ಲಿ ಅವರಿಗೆ ಸಮನಾದ ಜರ್ಮನ್ ಗಂಡಸರೂ ನೇನಿ ಅನ್ನುತ್ತಿದ್ದುದು ನನಗೆ ಮೊದಮೊದಲು ತಮಾಷೆಯಾಗಿ ಕಾಣುತ್ತಿತ್ತು. ಈ ವಸಂತದಲ್ಲಿ ಅವರು ಡಾರ್ಮ್‌ಸ್ಟಾಟ್ ಬಿಟ್ಟು ಹ್ಯಾಂಬರ್ಗ್‌ಗೆ, ಮಗಳ ಮನೆಯ ಹತ್ತಿರಕ್ಕೆ ಹೊರಟುಹೋದರು. ಹೋದ ಮೇಲೆ ಯೋಚಿಸಿದರೆ ಅವರ ಬಗ್ಗೆ ನನಗೆ ಗೊತ್ತಿರುವುದು ತೀರಾ ಕಡಿಮೆ. ಯಾವಾಗ ಜರ್ಮನಿಗೆ ಬಂದರು, ಗಂಡ ಏನು ಮಾಡುತ್ತಿದ್ದರು, ಯಾವುದನ್ನೂ ನಾನು ಕೇಳಿರಲಿಲ್ಲ. ನಾನು ಕೇಳುತ್ತಿದ್ದುದೆಲ್ಲ ಹಾಡಿನ ವಿಷಯ. ಕೇಳಿ ಕೇಳಿ ಅವರ ತಲೆ ತಿಂದಿದ್ದೇನೆ.

ಅವರನ್ನು ನಾನು ಮೊದಲು ನೋಡಿದ್ದೇ ಒಂದು ಪ್ರಶ್ನೆ ಹಿಡಿದುಕೊಂಡು. ಆಫೀಸು ಮುಗಿಸಿ ಟ್ರಾಮಿಗೆ ಕಾಯುತ್ತಿದ್ದೆ. ಸ್ಟಾಪಿನ ಹಿಂದೆ ಒಂದು ಚರ್ಚಿನ ಗೆಮೈಂಡೆಹೌಸ್ ಇದೆ, ನಮ್ಮ ಸಮುದಾಯ ಭವನದಂಥದ್ದು. ಅದರ ನೆಲಮಾಳಿಗೆಯ ಕಿಟಕಿ ಫುಟ್‌ಪಾತಿನ ಮಟ್ಟಕ್ಕೆ ತೆರೆದಿತ್ತು. ಒಳಗಿನಿಂದ ಹಾಡು ಕೇಳಿಸಿತು. ನಾನು ಸಂಗೀತ ಕಲಿತವನಲ್ಲ. ಗುರುಗಳೂ ಇಲ್ಲ, ಪಾಠವೂ ಇಲ್ಲ. ತುಮಕೂರಿನ ಮನೆಯಲ್ಲಿದ್ದ ಹಳೇ ಟೇಪ್ ರೆಕಾರ್ಡರು, ಆಮೇಲೆ ಫೋನು, ಇವೇ ನನ್ನ ಪಾಠಶಾಲೆ. ಆದರೆ ಒಂದು ರಾಗ ಕಿವಿಗೆ ಬಿದ್ದರೆ ಅದರ ಸ್ವರ ಹೆಕ್ಕುವ ಚಟ ಮಾತ್ರ ಚಿಕ್ಕಂದಿನಿಂದ ಇದೆ. ಹೆಕ್ಕಿದೆ. ಸ ಗ ಮ ಪ ನಿ. ಐದೇ ಸ್ವರ. ಡಾರ್ಮ್‌ಸ್ಟಾಟ್‌ನ ನೆಲಮಾಳಿಗೆಯಲ್ಲಿ ನಮ್ಮ ಶುದ್ಧ ಧನ್ಯಾಸಿ ರಾಗ ಏನು ಮಾಡುತ್ತಿದೆ? ಟ್ರಾಮ್ ಬಂತು, ಹೋಯಿತು. ನಾನು ಮೆಟ್ಟಿಲಿಳಿದು ಬಾಗಿಲು ತಳ್ಳಿದೆ.

ಒಳಗೆ ಒಂದಷ್ಟು ಜನ ಅರ್ಧವೃತ್ತದಲ್ಲಿ ನಿಂತಿದ್ದರು. ಅವರ ಮುಂದೆ ಕುಳ್ಳನೆಯ, ಬೆಳ್ಳಿ ಕೂದಲಿನ, ಗಂಡಸರ ಸ್ವೆಟರ್ ಹಾಕಿಕೊಂಡ ಒಬ್ಬ ಹೆಂಗಸು. ಹಾಡು ನಿಂತಿತು.

“ಏನು ಬೇಕು?” ಅಂದರು.

ನನ್ನ ಹರಕು ಜರ್ಮನ್‌ನಲ್ಲಿ ಬಾಯಿಗೆ ಬಂದದ್ದು ಒಂದೇ ವಾಕ್ಯ. “ಈ ರಾಗ ನಮ್ಮದು.”

“ಹೌದಾ? ಹೋದ ವರ್ಷ ಚೀನಾದ ಹುಡುಗಿಯೊಬ್ಬಳು ಬಂದು ಇದು ನಮ್ಮದು ಅಂದ್ಲು. ಅದಕ್ಕೂ ಮುಂಚೆ ಒಬ್ಬ ಸ್ಕಾಟ್ಲೆಂಡಿನವನು ಬಂದು ನಮ್ಮದು ಅಂದ. ಅವನು ಕುಡಿದಿದ್ದ. ನೀನು?”

“ನಾನು ಕುಡಿದಿಲ್ಲ.”

“ಹಂಗಾದ್ರೆ ಹೋಗಿ ಆ ದಪ್ಪನೆಯವರ ಪಕ್ಕ ನಿಂತ್ಕೋ. ನಿಮ್ಮದೇ ಆಗಿದ್ರೆ ಹಾಡೋಕೂ ಬರ್ಬೇಕಲ್ಲ.”

ಆ ದಪ್ಪನೆಯವರು ಔಷಧಿ ಅಂಗಡಿ ಇಟ್ಟಿದ್ದವರು, ತಂಡದ ಮಂದ್ರ ದನಿ. ಅವರು ಒಂದು ಹೆಜ್ಜೆ ಸರಿದು ಜಾಗ ಕೊಟ್ಟರು. ಹೀಗೆ ನಾನು ಹಂಗೇರಿಯ ಜಾನಪದ ಹಾಡುಗಳನ್ನು ಹಾಡುವ ಜರ್ಮನ್ ತಂಡವೊಂದಕ್ಕೆ ಸೇರಿಕೊಂಡೆ.

ಹಾಡೋಕೆ ಬರಲಿಲ್ಲ. ಬರದೇ ಇದ್ದದ್ದು ಹೇಗೆ ಅಂದರೆ, ನಾನು ಷಡ್ಜ ಬಿಡುತ್ತಿರಲಿಲ್ಲ. ಹಿಂದೆ ತಂಬೂರಿ ಇಲ್ಲದಿದ್ದರೆ ನಮಗೆ ಅನಾಥ ಭಾವ ಬರುತ್ತದಲ್ಲ, ಅದಕ್ಕೆ ನನ್ನ ದನಿ ತಾನೇ ತಂಬೂರಿಯಾಗಿ ಕೆಳಗೆ ಕೂತುಬಿಡುತ್ತಿತ್ತು. ಉಳಿದ ದನಿಗಳು ಒಂದರ ಕೈ ಇನ್ನೊಂದು ಹಿಡಿದು ಎಲ್ಲಿಂದೆಲ್ಲಿಗೋ ಹೋಗುತ್ತಿದ್ದರೆ ನಾನು ಹೊರಟಲ್ಲೇ ಇರುತ್ತಿದ್ದೆ. ನೇನಿ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು.

“ನೀನು ಟ್ರಾಮ್ ಸ್ಟಾಪಿನ ಬೆಂಚು. ಟ್ರಾಮ್ ಬಂತು, ಜನ ಹತ್ತಿದ್ರು, ಹೋದ್ರು. ಬೆಂಚು ಅಲ್ಲೇ ಇದೆ.”

ಎಲ್ಲರೂ ನಕ್ಕರು. ನನ್ನ ಮುಖ ನೋಡಿ ಅವರೇ ಸೇರಿಸಿದರು. “ಬೇಜಾರಾಗ್ಬೇಡ. ನಮ್ಮ ಕಡೆ ಒಂದು ವಾದ್ಯ ಇದೆ, ಮೇಕೆ ಚರ್ಮದ ಚೀಲಕ್ಕೆ ಗಾಳಿ ತುಂಬಿ ಊದೋದು. ಅದೂ ಹಿಂಗೇ ಒಂದೇ ಸ್ವರ ಹಿಡ್ಕೊಂಡು ಕೂಗ್ತಾ ಇರತ್ತೆ. ಆ ಥರದ ಹಾಡು ಬಂದಾಗ ನಿನ್ನೇ ಕರೀತೀನಿ. ಅಲ್ಲೀವರೆಗೆ ಟ್ರಾಮ್ ಹತ್ತು.”

ಮನೆಗೆ ಬಂದು ರೂಮ್‌ಮೇಟಿಗೆ ಇದನ್ನೆಲ್ಲ ಹೇಳಿದೆ. ಅವನು ಮಂಡ್ಯದವನು, ಸ್ನೇಹಿತ ಕಡಿಮೆ, ಟೀಕಾಕಾರ ಜಾಸ್ತಿ. “ಲೇ ಮಗಾ, ಬೆಂಗ್ಳೂರಲ್ಲಿ ಸಂಗೀತ ಕಲಿಯೋ ಅಂದ್ರೆ ಟೈಮಿಲ್ಲ ಅಂತಿದ್ದೆ. ಜರ್ಮನಿಗೆ ಬಂದು ಹಂಗೇರಿದು ಕಲೀತಿದೀಯ. ಮುಂದೆ ಹಂಗೇರಿಗೋಗಿ ಲಾವಣಿ ಕಲೀತೀಯೇನೋ.”

ನೇನಿಯ ಕೈಗಳ ಬಗ್ಗೆ ಹೇಳಲೇಬೇಕು. ಒಂದೊಂದು ಸ್ವರಕ್ಕೆ ಒಂದೊಂದು ಮುದ್ರೆ. ಮುಷ್ಟಿ ಹಿಡಿದರೆ ಒಂದು ಸ್ವರ, ಅಂಗೈ ನೆಲಕ್ಕೆ ಸಮನಾಗಿ ಚಾಚಿದರೆ ಇನ್ನೊಂದು, ಒದ್ದೆ ಬಟ್ಟೆ ನೇತುಹಾಕಿದ ಹಾಗೆ ಮಣಿಕಟ್ಟಿನಿಂದ ಕೈ ಇಳಿಬಿಟ್ಟರೆ ಮತ್ತೊಂದು. ಎಡಗೈ ಹೆಂಗಸರಿಗೆ, ಬಲಗೈ ಗಂಡಸರಿಗೆ. ಎರಡು ಕೈ ಎರಡು ಬೇರೆ ಬೇರೆ ಹಾಡು ಹೇಳುತ್ತಿದ್ದವು. ಒಂದೇ ತಲೆಯಲ್ಲಿ ಇವೆರಡೂ ಹೇಗೆ ಹಿಡಿಯುತ್ತವೆ ಅಂತ ನಾನು ವಾರಗಟ್ಟಲೆ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಬಲಗೈ ಹೇಳಿದ್ದನ್ನೇ ಎಡಗೈಯೂ ಹೇಳುತ್ತಿತ್ತು. ಒಂದು ಸಲ ಸೂಪರ್‌ಮಾರ್ಕೆಟ್ಟಿನ ಕ್ಯೂನಲ್ಲಿ ನೇನಿ ಸಿಕ್ಕರು. ಮುಂದಿನ ತಳ್ಳುಗಾಡಿಯಲ್ಲಿ ಕೂತಿದ್ದ ಮಗುವೊಂದು ಅಳುತ್ತಿತ್ತು. ನೇನಿ ಸದ್ದಿಲ್ಲದೆ ಕೈ ಎತ್ತಿ, ಅದು ಅಳುತ್ತಿದ್ದ ಸ್ವರದ ಮುದ್ರೆ ತೋರಿಸಿದರು. ಅದು ಏರಿದರೆ ಕೈಯೂ ಏರಿತು. ಮಗು ಅಳು ನಿಲ್ಲಿಸಿ ಆ ಕೈಯನ್ನೇ ನೋಡಿತು. ಆಮೇಲೆ ಬೇಕೆಂದೇ ಒಂದು ಸಣ್ಣ ಕೂಗು ಹಾಕಿ ಪರೀಕ್ಷೆ ಮಾಡಿತು. ಕೈ ಸರಿಯಾಗಿ ಅಲ್ಲಿಗೆ ಹೋಯಿತು. “ಇವನ ಶ್ರುತಿ ನಿನಗಿಂತ ಚೆನ್ನಾಗಿದೆ” ಅಂದರು ನನಗೆ.

ಅವರದೊಂದು ನಿಯಮವಿತ್ತು. ಹೊಸ ಹಾಡು ಶುರುವಾದರೆ ಮೊದಲ ಚರಣ ಬಾಯಿಂದ ಬಾಯಿಗೆ ಬರಬೇಕು. ಹಳ್ಳಿಯಲ್ಲಿ ಹೇಗೆ ಹಾಡುತ್ತಿದ್ದರೋ ಹಾಗೆ, ಒಂದೇ ದನಿಯಲ್ಲಿ ಗಟ್ಟಿಯಾದ ಮೇಲೆಯೇ ಹಲವು ದನಿಗಳಿಗೆ ಕಟ್ಟಿದ ಸ್ವರಲಿಪಿಯ ಕಾಗದ ಕೈಗೆ. ಇದು ಜರ್ಮನ್ನರಿಗೆ ಬಹಳ ಕಷ್ಟ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹೆಂಗಸು ಪೆನ್ಸಿಲ್ ಚೂಪು ಮಾಡಿಕೊಂಡೇ ಬರುತ್ತಿದ್ದರು, ಕಾಗದ ಇಲ್ಲ ಅಂದರೆ ಆ ಪೆನ್ಸಿಲ್ ಹಿಡಿದು ನಿಲ್ಲುತ್ತಿದ್ದರು. ನಮ್ಮ ಔಷಧಿ ಅಂಗಡಿಯವರದು ಇನ್ನೊಂದು ತೊಂದರೆ. ಈ ಹಾಡುಗಳಲ್ಲಿ ಎರಡು ಜಾತಿ. ಕುಣಿತದ ಹಾಡಿಗೆ ತಾಳ ಕಟ್ಟುನಿಟ್ಟು. ಇನ್ನೊಂದು ಜಾತಿಗೆ ತಾಳವೇ ಇಲ್ಲ, ಮಾತಾಡಿದ ಹಾಗೆ, ಶಬ್ದ ಎಳೆದಷ್ಟು ಎಳೆತ. ನಮಗೆ ಉಗಾಭೋಗ, ಆಲಾಪನೆ ಎಲ್ಲ ಕೇಳಿ ಅಭ್ಯಾಸ. ಅವರಿಗೆ ಒಂದು-ಎರಡು-ಮೂರು ಇಲ್ಲದಿದ್ದರೆ ನೆಲವೇ ಇಲ್ಲದ ಹಾಗೆ. ಕಾಲಲ್ಲಿ ತಾಳ ತಟ್ಟುತ್ತಲೇ ಇದ್ದರು. ನೇನಿ ಶೂ ಬಿಚ್ಚಿಸಿದರು. ಚಳಿಗಾಲದಲ್ಲಿ ಪಾಪ, ಬರೀ ಕಾಲುಚೀಲದಲ್ಲಿ ನಿಂತರು.

“ನಿಮ್ಮ ಹೆಬ್ಬೆರಳು ಕಾಣಿಸ್ತಿದೆ” ಅಂದರು ನೇನಿ.

“ಅದು ನನ್ನ ಮಾತು ಕೇಳಲ್ಲ, ನೇನಿ.”

“ನನ್ನ ಮಾತಾದ್ರೂ ಕೇಳೋಕೆ ಹೇಳಿ ಅದಕ್ಕೆ.”

ಒಮ್ಮೆ ನಾನು ಕೇಳಿದೆ. ಹಳ್ಳಿಯಲ್ಲಿ ಇದನ್ನು ಹೆಂಗಸೊಬ್ಬಳೇ ಹಾಡುತ್ತಿದ್ದಳಲ್ಲ, ಅದಕ್ಕೆ ಇಷ್ಟೊಂದು ದನಿ ಯಾಕೆ ಕಟ್ಟಬೇಕು? ನಮ್ಮಲ್ಲಿ ಒಬ್ಬರು ಹಾಡಿದರೆ ಉಳಿದವರು ತಲೆದೂಗುತ್ತಾರೆ, ಸಾಕು. ನೇನಿ ಬಾಯಲ್ಲಿದ್ದ ಬಿಸ್ಕತ್ತು ಮುಗಿಸಿ ಹೇಳಿದರು. “ಅಡುಗೆ ಮನೇಲಿ ಒಬ್ಬಳೇ ಇದ್ರೆ ಅವಳೊಬ್ಬಳೇ ಹಾಡ್ತಾಳೆ. ನಾಲ್ಕು ಜನ ಇದ್ರೆ ಮಿಕ್ಕ ಮೂವರು ಸುಮ್ಮನಿರ್ತಾರಾ? ನಿಮ್ಮ ಮನೇಲಿ ಇರ್ತಾರಾ?” ನಮ್ಮ ಮನೆಯನ್ನು ನೆನೆಸಿಕೊಂಡೆ. ಇರುವುದಿಲ್ಲ.

ಅವರು ಹೊರಡುವುದು ನಿಶ್ಚಯವಾದದ್ದು ಹೋದ ಚಳಿಗಾಲದಲ್ಲಿ. ಮಂಡಿ ನೋವು, ದಮ್ಮು, ಮಗಳ ಒತ್ತಾಯ. ಕೊನೆಯ ಕಚೇರಿಗೆ ಯಾವ ಹಾಡು ಅಂತ ಬ್ಯಾಂಕಿನವರು ಕೇಳಿದಾಗ, ನೇನಿ ಮೊದಲ ಬಾರಿಗೆ ಕೊಂಚ ನಾಚಿಕೊಂಡಂತೆ ಕಂಡರು. ಅಷ್ಟು ವರ್ಷ ಬೇರೆಯವರು ಕಟ್ಟಿದ ಹಾಡು ಕಲಿಸಿದ್ದರು. ತಾವೇ ದನಿ ಕಟ್ಟಿದ್ದು ಒಂದಿತ್ತು. ಅವರ ತಾಯಿಯ ಹಾಡು. ಹುಡುಗಿಯೊಬ್ಬಳು ಹೊಳೆಯಲ್ಲಿ ಬಟ್ಟೆ ಒಗೆಯುತ್ತ ನೀರಿಗೆ ಹೇಳುತ್ತಾಳೆ: ನೀನು ಮುಂದೆ ಹೋಗು, ನಮ್ಮೂರಿನ ದಾರಿಯಲ್ಲೇ ಹೋಗುತ್ತೀಯಲ್ಲ, ನಾನು ಬರುತ್ತಿದ್ದೇನೆ ಅಂತ ಮನೆಯಲ್ಲಿ ಹೇಳಿಬಿಡು. ಇಷ್ಟೇ. ಅದೇ ಐದು ಸ್ವರ. ಮೊದಲರ್ಧ ಅಟ್ಟದ ಮೇಲೆ ನಿಂತು ಹೇಳಿದ್ದನ್ನು, ಎರಡನೆಯರ್ಧ ಅಂಗಳಕ್ಕೆ ಇಳಿದು ಮತ್ತೆ ಹೇಳುತ್ತದೆ. ಪಂಚಮದಷ್ಟು ಕೆಳಗೆ, ಅದೇ ಧಾಟಿ. ಹಂಗೇರಿಯ ಹಳೇ ಹಾಡುಗಳಲ್ಲಿ ಎಷ್ಟೋ ಹೀಗೇ ಇರುತ್ತವಂತೆ.

“ಈ ಹಾಡನ್ನ ನಾನು ಯಾವತ್ತೂ ಕೇಳಿಲ್ಲ” ಅಂದರು.

ನಮಗೆ ಅರ್ಥವಾಗಲಿಲ್ಲ.

“ಅಮ್ಮ ಹಾಡುವಾಗ ಜೊತೆಗೆ ನಾನೂ ಹಾಡ್ತಿದ್ದೆ. ಸುಮ್ಮನಿರು ಅಂದ್ರೂ ಸುಮ್ಮನಿರ್ತಿರಲಿಲ್ಲ. ಆಮೇಲೆ ನಾನೊಬ್ಬಳೇ. ಯಾವಾಗಲೂ ಹಾಡಿನ ಒಳಗೇ ಇದ್ದೆ. ಒಂದು ಸಲ ಹೊರಗೆ ಬಂದು, ಬೆಂಚಿನ ಮೇಲೆ ಕೂತು, ಬಾಯಿ ಮುಚ್ಕೊಂಡು ಕೇಳ್ಬೇಕು. ಹ್ಯಾಂಬರ್ಗ್‌ಗೆ ಹೋಗೋ ಮುಂಚೆ ನನಗೆ ಬೇಕಾಗಿರೋದು ಅದೊಂದೇ. ಹಂಗಾಗಿ ಈ ಹಾಡಿಗೆ ನಾನು ಕೈ ಆಡಿಸಲ್ಲ.”

ಬ್ಯಾಂಕಿನವರ ಪೆನ್ಸಿಲ್ ಕೆಳಗೆ ಬಿತ್ತು. ತಾಳವಿಲ್ಲದ ಹಾಡು, ಎದುರಿಗೆ ಕೈಯೂ ಇಲ್ಲ. ಎಲ್ಲರೂ ಒಟ್ಟಿಗೆ ಹೋಗುವುದು ಹೇಗೆ?

ನಾನು ಉತ್ಸಾಹದಿಂದ ಹೇಳಿದೆ, ನೇನಿ ಮೊದಲ ಚರಣ ಹಾಡಿದರೆ ರೆಕಾರ್ಡ್ ಮಾಡಿ ತಂಡದ ಗ್ರೂಪಿಗೆ ಹಾಕುತ್ತೇನೆ, ಎಲ್ಲರೂ ಮನೆಯಲ್ಲಿ ಕೇಳಿ ಕೇಳಿ ಕಲಿಯಲಿ ಅಂತ. ಯಂತ್ರ ಬೇಡ ಅನ್ನುತ್ತಾರೇನೋ ಅಂದುಕೊಂಡಿದ್ದೆ. ಅವರು ಕೇಳಿದ್ದು, “ಮೈಕ್ ಒಳ್ಳೇದಿದೆಯಾ?” ಒಳ್ಳೆಯದೇ ಇತ್ತು. ಹೊಸದಾಗಿ ಕೊಂಡಿದ್ದೆ.

ಶನಿವಾರ ನಮ್ಮ ಮನೆಗೆ ಬಂದರು. ನಮ್ಮದು ಹಳೇ ಕಟ್ಟಡ, ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ಬಾಗಿಲು ತೆಗೆದರೆ ನೇನಿ ಏದುಸಿರು ಬಿಡುತ್ತ ಗೋಡೆ ಹಿಡಿದು ನಿಂತಿದ್ದರು. ಕೂತ್ಕೊಳ್ಳಿ, ಟೀ ಕುಡೀರಿ ಅಂದೆ. “ಟೀ ಕುಡಿದ್ರೆ ದನಿ ಸೋಮಾರಿ ಆಗತ್ತೆ. ಮೊದಲು ಹಾಡು” ಎಂದು, ಕೋಟು ಕೂಡ ಬಿಚ್ಚದೆ ಮೈಕಿನ ಮುಂದೆ ನಿಂತು ಹಾಡಿಬಿಟ್ಟರು. ರೂಮ್‌ಮೇಟ್ ಅಡುಗೆ ಮನೆಯಲ್ಲಿ ಚಿತ್ರಾನ್ನ ಮಾಡುತ್ತಿದ್ದ. ಅವನಿಗೆ ಹೇಳಲು ಮರೆತಿದ್ದೆ. ಹಾಡಿನ ಅರ್ಧಕ್ಕೆ ಸಾಸಿವೆ ಸಿಡಿಯಿತು.

“ಇನ್ನೊಂದು ಸಲ ಹಾಡ್ತೀರಾ?” ಅಂದೆ.

“ಯಾಕೆ, ಸರಿ ಬರಲಿಲ್ವಾ? ಸರಿ ಬಂದಿದೆ. ಆ ವಾಸನೆ ಏನದು?”

ಚಿತ್ರಾನ್ನ ಎರಡು ಸಲ ಹಾಕಿಸಿಕೊಂಡರು. ರೂಮ್‌ಮೇಟ್ ಅವತ್ತಿನಿಂದ ಅವರ ಪಕ್ಷ ಸೇರಿದ. “ಗುರು, ಅಜ್ಜಿ ಸಕತ್. ನೀನು ಹಾಡಿದ್ರೆ ಕೆಳಗಿನ ಮನೆಯವರು ಚೀಟಿ ಅಂಟಿಸ್ತಾರೆ. ಅಜ್ಜಿ ಹಾಡಿದ್ರೆ ಒಬ್ರೂ ಕೆಮ್ಮಲಿಲ್ಲ ನೋಡು.”

ಆ ರೆಕಾರ್ಡಿಂಗ್ ಗ್ರೂಪಿಗೆ ಹೋಯಿತು. ಬ್ಯಾಂಕಿನವರು ಭಾವುಕರಾಗಿ ಉತ್ತರ ಬರೆದರು: ಹಿನ್ನೆಲೆಯಲ್ಲಿ ಹಳ್ಳಿ ಮನೆಯ ಒಲೆಯ ಚಟಪಟ ಎಷ್ಟು ಚೆನ್ನಾಗಿ ಕೇಳಿಸುತ್ತಿದೆ ಎಂದು. ನಾನು ಅದಕ್ಕೊಂದು ಲೈಕ್ ಒತ್ತಿದೆ.

ಮುಂದಿನ ವಾರಗಳಲ್ಲಿ ನೇನಿ ಹ್ಯಾಂಬರ್ಗ್‌ಗೆ ಮನೆ ನೋಡಲು ಹೋದರು. ನಾವು ನಮ್ಮಷ್ಟಕ್ಕೆ ಅಭ್ಯಾಸ ಮಾಡಿದೆವು. ಶುರು ಮಾಡುವ ಕೆಲಸ ನನ್ನ ಪಾಲಿಗೆ ಬಂತು, ತಾಳವಿಲ್ಲದೆ ಹೆದರದವನು ನಾನೊಬ್ಬನೇ ಎಂದು. ರೆಕಾರ್ಡಿಂಗ್ ನನಗೆ ಬಾಯಿಪಾಠವಾಗಿತ್ತು. ನಾನು ಕಲಿಯುವುದೇ ಹಾಗೆ. ಚಿಕ್ಕವನಿದ್ದಾಗ ಒಂದು ದೇವರನಾಮದ ಕ್ಯಾಸೆಟ್ ಒಂದು ಜಾಗದಲ್ಲಿ ಎಳೆಯುತ್ತಿತ್ತು, ಟೇಪು ಸಡಿಲವಾಗಿ. ನಾನು ಆ ಹಾಡು ಹಾಡಿದರೆ ಈಗಲೂ ಅಲ್ಲಿ ಎಳೆಯುತ್ತೇನೆ. ನಮ್ಮಲ್ಲಿ ಎದುರಿಗೆ ಕೂತು ಕಲಿತವರೂ ಅಷ್ಟೇ, ಗುರುಗಳು ಗಂಟಲು ಸರಿ ಮಾಡಿಕೊಂಡರೆ ಶಿಷ್ಯರ ಗಂಟಲೂ ಅಲ್ಲೇ ಸರಿಯಾಗುತ್ತದೆ. ಬಂದದ್ದನ್ನು ಬಂದ ಹಾಗೆ ತೆಗೆದುಕೊಳ್ಳುವುದು ನಮಗೆ ಮರ್ಯಾದೆ.

ಮೊದಮೊದಲು ತಂಡ ಚೆಲ್ಲಾಪಿಲ್ಲಿಯಾಗುತ್ತಿತ್ತು. ಆದರೆ ಎರಡನೇ ಸಾಲಿನ ಒಂದು ಉದ್ದನೆಯ ಶಬ್ದದ ನಡುವೆ ಉಸಿರು ತೆಗೆದುಕೊಳ್ಳುವ ಜಾಗವೊಂದಿತ್ತು. ಅಲ್ಲಿ ಎಲ್ಲರೂ ನಿಂತು, ಪಕ್ಕದವರ ಉಸಿರು ಕೇಳಿಸಿಕೊಂಡು, ಒಟ್ಟಿಗೆ ಮುಂದಕ್ಕೆ ಹೋಗುತ್ತಿದ್ದರು. ಜಾತ್ರೆಯಲ್ಲಿ ಚದುರಿದವರು ಒಂದು ಕಂಬದ ಹತ್ತಿರ ಸೇರುವ ಹಾಗೆ. ಔಷಧಿ ಅಂಗಡಿಯವರು ಆ ಉಸಿರನ್ನು ಬಹಳ ಮೆಚ್ಚಿಕೊಂಡರು. ಅವರ ಹೆಬ್ಬೆರಳೂ ಸುಮ್ಮನಾಯಿತು.

ಕಚೇರಿಯ ಹಿಂದಿನ ದಿನ ನೇನಿ ಬಂದರು. ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತು ‘ಹೂಂ’ ಅಂದರು. ನಾನು ಶುರು ಮಾಡಿದೆ, ಎಲ್ಲರೂ ಸೇರಿಕೊಂಡರು. ಎರಡನೇ ಸಾಲು, ಆ ಶಬ್ದ, ಉಸಿರು.

“ನಿಲ್ಸಿ” ಎಂಬ ದನಿ ಹಿಂದಿನಿಂದ ಬಂತು. ನೇನಿ ನಡುದಾರಿಯಲ್ಲಿ ನಿಧಾನಕ್ಕೆ ನಡೆದು ಬಂದರು. “ಅಲ್ಲಿ ಉಸಿರು ತಗೊಳ್ಳಿ ಅಂತ ಯಾರು ಹೇಳಿದ್ದು? ಶಬ್ದನ ನಡುವೆ ಕತ್ತರಿಸಿದ್ದೀರಲ್ಲ. ನೀರಿಗೆ ಮುಂದೆ ಹೋಗು ಅಂತ ಹೇಳೋ ಶಬ್ದ ಅದು. ಅಲ್ಲೇ ನಿಲ್ಸಿದ್ರೆ ನೀರು ಹೋಗೋದು ಹೆಂಗೆ?”

ಯಾರಿಗೂ ಹಂಗೇರಿಯನ್ ಬರುತ್ತಿರಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು.

“ನೀವೇ ತಗೊಂಡಿದ್ರಿ, ನೇನಿ” ಎಂದು ಫೋನ್ ತೆಗೆದು ಕೇಳಿಸಿದೆ.

ಅವರು ಫೋನನ್ನು ಕಿವಿಗೆ ಹಿಡಿದು ಕೇಳಿದರು. ಸಾಸಿವೆಯೂ ಸಿಡಿಯಿತು. ಪೂರ್ತಿ ಕೇಳಿ ಫೋನ್ ನನ್ನ ಕೈಗೆ ಕೊಟ್ಟರು.

“ಇದು ಹಾಡಲ್ಲ. ನಿನ್ನ ಮನೆ ಮೆಟ್ಟಿಲು.”

ಮೊದಲು ನಕ್ಕದ್ದು ಅವರೇ. ಆಮೇಲೆ ಎಲ್ಲರೂ. ನಕ್ಕು ಮುಗಿದ ಮೇಲೆ ಆ ಉಸಿರು ತೆಗೆದು ಹಾಡಿ ನೋಡಿದೆವು. ತಂಡ ಒಡೆದುಹೋಯಿತು. ಮತ್ತೆ ಮಾಡಿದೆವು, ಮತ್ತೆ ಒಡೆಯಿತು. ಮುಂದೆ ಇದ್ದವರು ಮುಂದೆ, ಹಿಂದೆ ಉಳಿದವರು ಹಿಂದೆ.

“ಅದಿಲ್ಲದಿದ್ರೆ ಯಾರು ಎಲ್ಲಿದಾರೆ ಅಂತ ಗೊತ್ತಾಗಲ್ಲ ನೇನಿ” ಅಂದರು ಔಷಧಿ ಅಂಗಡಿಯವರು.

ಬ್ಯಾಂಕಿನವರು ಪೆನ್ಸಿಲ್ ಹಿಡಿದು ಕೇಳಿದರು. “ಉಸಿರಿನ ಗುರುತು ಹಾಕೋದಾ, ಬೇಡ್ವಾ?”

ನೇನಿ ಎದುರಿಗೆ ನಿಂತು ಬಲಗೈ ಎತ್ತಿದರು. ಕೈ ಒಂದು ಸಲ ಸುಮ್ಮನೆ ತೇಲಿತು ಅಷ್ಟೇ, ನಾವೆಲ್ಲ ಆ ಶಬ್ದವನ್ನು ಒಂದೇ ಉಸಿರಿನಲ್ಲಿ ದಾಟಿಬಿಟ್ಟೆವು. ಎಷ್ಟು ಸುಲಭ. ಅಂದರೆ ಅವರು ಮುಂದೆ ನಿಂತರೆ ಹಾಡು ಸರಿ, ಹೊರಗೆ ಕೂತರೆ ಹಾಡು ತಪ್ಪು. ಅವರು ಆ ಕೈಯನ್ನು ಸ್ವೆಟರಿನ ಜೇಬಿಗೆ ಹಾಕಿಕೊಂಡರು. “ನಾಳೆ ನೋಡೋಣ” ಎಂದು ಮನೆಗೆ ಹೋದರು.

ಮರುದಿನ ಚರ್ಚು ತಕ್ಕಮಟ್ಟಿಗೆ ತುಂಬಿತ್ತು. ರೂಮ್‌ಮೇಟ್ ಕೂಡ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಬಂದಿದ್ದ. ಕುಣಿತದ ಹಾಡುಗಳು, ಚೀಲದ ವಾದ್ಯದ ಹಾಡು, ಎಲ್ಲ ಚೆನ್ನಾಗಿಯೇ ಹೋದವು. ಅದರಲ್ಲಿ ನಾನು ಮನಸಾರೆ ಷಡ್ಜ ಹಿಡಿದು ಕೂಗಿದೆ. ತಾಯಿಯ ಹಾಡು ಬಂತು. ನೇನಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಆಮೇಲೆ ವೇದಿಕೆಯ ಮೆಟ್ಟಿಲಿಳಿದು, ನಡುದಾರಿಯಲ್ಲಿ ಹಿಂದೆ ಹಿಂದೆ ಹೋಗಿ, ಕೊನೆಯ ಬೆಂಚಿನ ತುದಿಯಲ್ಲಿ ಕೂತರು. ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡದ್ದು ನನಗೆ ಅಷ್ಟು ದೂರದಿಂದಲೂ ಕಾಣಿಸಿತು.

ಶುರು ಮಾಡಿದೆ. ಪಕ್ಕದಲ್ಲಿ ಔಷಧಿ ಅಂಗಡಿಯವರ ದನಿ ಸೇರಿತು, ಆಮೇಲೆ ಹೆಂಗಸರದು. ನೇನಿ ಅಲುಗಾಡದೆ ಕೂತಿದ್ದರು. ಮೊದಲ ಸಾಲು ಅವರ ಬಾಯಿ ಮುಚ್ಚಿತ್ತು. ಎರಡನೇ ಸಾಲಿಗೆ ಬಂದೆವು. ಆ ಉದ್ದನೆಯ ಶಬ್ದ ಬಂತು, ಅರ್ಧ ಹಾಡಿದೆವು, ಎಲ್ಲರೂ ನಿಂತು ಉಸಿರು ತೆಗೆದುಕೊಂಡೆವು.

ಆ ಖಾಲಿ ಜಾಗದಲ್ಲಿ ಹಿಂದಿನ ಬೆಂಚಿನಿಂದ ಒಂದು ತೆಳ್ಳನೆಯ ದನಿ ಬಂತು. ಶಬ್ದದ ಉಳಿದರ್ಧವನ್ನು ನಾವು ಬಿಟ್ಟಲ್ಲಿಂದ ಎತ್ತಿಕೊಂಡು, ಎಲ್ಲೂ ತುಂಡಾಗದಂತೆ ಹಿಡಿದುಕೊಂಡಿತು. ಜನ ತಿರುಗಿ ನೋಡಿದರು. ನಾವು ಆ ದನಿಯ ಮೇಲೇ ಮುಂದಿನ ಸಾಲನ್ನು ಇಟ್ಟೆವು. ಅವರು ಕೊನೆಯವರೆಗೂ ನಿಲ್ಲಿಸಲಿಲ್ಲ.

ಚಪ್ಪಾಳೆ ಮುಗಿದ ಮೇಲೆ ನಾನು ಓಡಿಹೋಗಿ ಅವರ ಪಕ್ಕ ಕೂತೆ.

“ಹೆಂಗಿತ್ತು, ನೇನಿ?”

ಅವರು ಸ್ವೆಟರಿನ ತೋಳಿನಿಂದ ಮೂಗು ಒರೆಸಿಕೊಂಡರು.

“ಒಂದೂವರೆ ಸಾಲು ಬಹಳ ಚೆನ್ನಾಗಿತ್ತು. ಆಮೇಲಿಂದು ನನಗೆ ಕೇಳಿಸ್ಲಿಲ್ಲ.”